ಒಂದು ಕಪ್ ಕಾಫಿ, ಎದುರಿಗೊಂದು ಖಾಲಿ ಕುರ್ಚಿ

2020ರ ಮಾರ್ಚ್ ತಿಂಗಳು ಯಾರಿಗೂ ಮರೆತಿರಲಾರದು. ಬಸ್ಸಿಲ್ಲ, ಸಂತೆಯಿಲ್ಲ, ಅಂಗಡಿಗಳ ಬಾಗಿಲು ಅರ್ಧ ಎಳೆದಿತ್ತು. ಆ ದಿನಗಳಲ್ಲಿ ಅಮೆರಿಕದ ಒಬ್ಬ ಚಿತ್ರಕಾರನ ಹಳೆಯ ಚಿತ್ರಗಳು ಇದ್ದಕ್ಕಿದ್ದಂತೆ ಫೋನಿನಿಂದ ಫೋನಿಗೆ ಹಾರತೊಡಗಿದವು. ಬೆಳಗಿನ ಬಿಸಿಲಿಗೆ ಮುಖವೊಡ್ಡಿ ಹಾಸಿಗೆಯ ಮೇಲೆ ಕೂತ ಒಬ್ಬ ಹೆಂಗಸು. ನರಪಿಳ್ಳೆಯಿಲ್ಲದ ಬೀದಿ. ರಾತ್ರಿ ಹೋಟೆಲಿನಲ್ಲಿ ಮಾತಿಲ್ಲದೆ ಕೂತ ಮೂರು ಜನ ಗಿರಾಕಿಗಳು, ಒಳಗೊಬ್ಬ ಮಾಣಿ. ಈಗ ನಾವೆಲ್ಲರೂ ಈ ಚಿತ್ರದೊಳಗಿನ ಜನವೇ ಆಗಿಬಿಟ್ಟೆವು ಎನ್ನುವ ಅರ್ಥದ ಒಕ್ಕಣೆಯೂ ಅವುಗಳ ಜೊತೆಗಿತ್ತು.

ಆ ಚಿತ್ರಕಾರನ ಹೆಸರು ಎಡ್ವರ್ಡ್ ಹಾಪರ್. ಹುಟ್ಟಿದ್ದು 1882ರಲ್ಲಿ, ನ್ಯೂಯಾರ್ಕ್ ಹತ್ತಿರದ ನಯಾಕ್ ಎಂಬ ಊರಿನಲ್ಲಿ. ತೀರಿಕೊಂಡಿದ್ದು 1967ರಲ್ಲಿ.

ನಾವು ಆ ಚಿತ್ರಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡುತ್ತಾ ಹೋದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಲಾಕ್‌ಡೌನಿಗೂ ಇವುಗಳಲ್ಲಿ ಹೆಚ್ಚಿನ ಚಿತ್ರಗಳಿಗೂ ಸಂಬಂಧವೇ ಇಲ್ಲ. ಲಾಕ್‌ಡೌನಿನಲ್ಲಿ ಬಾಗಿಲು ಹಾಕಿತ್ತು, ಅದಕ್ಕೇ ಒಂಟಿಯಾದೆವು. ಹಾಪರ್ ಬರೆದ ಜಾಗಗಳಲ್ಲಿ ಬಾಗಿಲು ತೆರೆದೇ ಇದೆ. ಹೋಟೆಲು, ಸಿನಿಮಾ ಟಾಕೀಸು, ರೈಲಿನ ಬೋಗಿ, ಆಫೀಸು, ಲಾಡ್ಜಿನ ಪಡಸಾಲೆ. ಹತ್ತು ಜನ ಬಂದು ಹೋಗುವ ಜಾಗಗಳೇ ಅವೆಲ್ಲ. ಅಂಥಲ್ಲಿ ಒಬ್ಬರು ತಮ್ಮಷ್ಟಕ್ಕೆ ತಾವು ಕೂತಿದ್ದಾರೆ. ಅಷ್ಟನ್ನೇ ಆತ ನಲವತ್ತು ವರ್ಷ ಬರೆದ. ಆ ಕಥೆಯನ್ನು ಒಂದು ಪ್ರದರ್ಶನದಿಂದ ಶುರು ಮಾಡಬೇಕು.

1927ರ ಫೆಬ್ರವರಿ 14. ನ್ಯೂಯಾರ್ಕಿನ ರೆನ್ ಗ್ಯಾಲರಿಯಲ್ಲಿ ಹಾಪರನ ಚಿತ್ರಗಳ ಪ್ರದರ್ಶನ ಶುರುವಾಯಿತು. ದಿನಾಂಕ ನೋಡಿದಿರಲ್ಲ, ಪ್ರೇಮಿಗಳ ದಿನ. ಅವತ್ತು ಗೋಡೆಯ ಮೇಲಿದ್ದ ಹೊಸ ಚಿತ್ರಗಳಲ್ಲಿ ಒಂದರ ಹೆಸರು 'ಆಟೊಮ್ಯಾಟ್'. ಅದರಲ್ಲಿ ಒಬ್ಬಳೇ ಒಬ್ಬ ಹೆಂಗಸು. ರಾತ್ರಿ ಹೊತ್ತು. ದುಂಡನೆಯ ಮೇಜು. ತುಪ್ಪಳದ ಅಂಚಿನ ಹಸಿರು ಕೋಟು ಇನ್ನೂ ಮೈಮೇಲೇ ಇದೆ, ತಲೆಯ ಮೇಲೆ ಕಿವಿವರೆಗೆ ಇಳಿದ ಟೋಪಿ. ಒಂದು ಕೈಯ ಗವಸು ಬಿಚ್ಚಿದ್ದಾಳೆ, ಇನ್ನೊಂದು ಕೈಯದು ಹಾಗೇ ಇದೆ. ಬರಿಗೈಯಲ್ಲಿ ಕಪ್ ಹಿಡಿದಿದ್ದಾಳೆ, ಕಣ್ಣು ಕಪ್ಪಿನೊಳಗೆ. ಮುಂದೆ ಒಂದು ಖಾಲಿ ತಟ್ಟೆ. ಎದುರಿಗೊಂದು ಖಾಲಿ ಕುರ್ಚಿ. ಬೆನ್ನ ಹಿಂದೆ ದೊಡ್ಡ ಗಾಜಿನ ಕಿಟಕಿ. ಕಿಟಕಿಯಾಚೆ ಬೀದಿ ಇರಬೇಕು, ಕಾಣುವುದಿಲ್ಲ. ಒಳಗಿನ ದೀಪಗಳ ಎರಡು ಸಾಲು ಮಾತ್ರ ಗಾಜಿನಲ್ಲಿ ಪ್ರತಿಫಲಿಸಿ ಕತ್ತಲೊಳಗೆ ದೂರ ದೂರ ಹೋಗುತ್ತವೆ.

ಇಷ್ಟೇ ಚಿತ್ರ. ಆ ಏಪ್ರಿಲ್‌ನಲ್ಲೇ ಅದು 1,200 ಡಾಲರಿಗೆ ಮಾರಾಟವಾಯಿತು. ಹಾಪರನ ಮಟ್ಟಿಗೆ ಇದು ಸಣ್ಣ ಮಾತಲ್ಲ. ಆತನ ಮೊದಲ ಚಿತ್ರ ಮಾರಾಟವಾದದ್ದು 1913ರಲ್ಲಿ, 250 ಡಾಲರಿಗೆ. ಎರಡನೆಯದು ಮಾರಾಟವಾಗಲು ಹತ್ತು ವರ್ಷ ಕಾಯಬೇಕಾಯಿತು. ನಡುವೆ 1920ರಲ್ಲಿ ಹದಿನಾರು ತೈಲಚಿತ್ರಗಳನ್ನಿಟ್ಟು ಒಬ್ಬನೇ ಪ್ರದರ್ಶನ ಮಾಡಿದ, ಒಂದೂ ಹೋಗಲಿಲ್ಲ. ಹೊಟ್ಟೆಪಾಡಿಗೆ ಜಾಹೀರಾತಿಗೆ, ಪತ್ರಿಕೆಗಳಿಗೆ ಚಿತ್ರ ಬರೆದುಕೊಡುತ್ತಿದ್ದ. ಆ ಕೆಲಸ ಆತನಿಗೆ ಸೇರುತ್ತಿರಲಿಲ್ಲ. ಮನಸ್ಸಿಲ್ಲದ ಕೆಲಸ ಮಾಡಿ ಮನಸ್ಸಿನ ಕೆಲಸಕ್ಕೆ ಹೊತ್ತು ಉಳಿಸಿಕೊಳ್ಳುವುದು ಎಂಥದ್ದು ಅಂತ ಜಿಲ್ಲಾ ವರದಿಗಾರರಿಗೆ ಬಿಡಿಸಿ ಹೇಳಬೇಕಿಲ್ಲ.

ಈಗ ಆಟೊಮ್ಯಾಟ್ ಅಂದರೆ ಏನು ಅನ್ನುವುದನ್ನು ನೋಡೋಣ. ಅದು ಗೊತ್ತಿಲ್ಲದಿದ್ದರೆ ಈ ಚಿತ್ರ ಅರ್ಧವೇ ಅರ್ಥವಾಗುತ್ತದೆ.

ಅದೊಂದು ಬಗೆಯ ಹೋಟೆಲು. ಹಾರ್ನ್ ಅಂಡ್ ಹಾರ್ಡರ್ಟ್ ಎಂಬ ಕಂಪನಿ 1902ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಮೊದಲನೆಯದನ್ನು ತೆರೆಯಿತು. ಯಂತ್ರ ಜರ್ಮನಿಯಿಂದ ಬಂದಿತ್ತು. 1912ರಲ್ಲಿ ನ್ಯೂಯಾರ್ಕಿಗೂ ಬಂತು. ಒಳಗೆ ಹೋದರೆ ಗೋಡೆ ತುಂಬ ಪುಟ್ಟ ಪುಟ್ಟ ಗಾಜಿನ ಬಾಗಿಲಿನ ಗೂಡುಗಳು, ಅಂಚೆ ಕಚೇರಿಯ ಪೋಸ್ಟ್ ಬಾಕ್ಸುಗಳ ಸಾಲಿನ ಹಾಗೆ. ಒಂದೊಂದು ಗೂಡಿನಲ್ಲಿ ಒಂದೊಂದು ತಿನಿಸು. ಐದು ಸೆಂಟಿನ ನಾಣ್ಯಕ್ಕೆ ಅಲ್ಲಿ ನಿಕಲ್ ಅನ್ನುತ್ತಾರೆ. ನಿಕಲ್ ಹಾಕಿ ಗುಬುಟು ತಿರುಗಿಸಿದರೆ ಬಾಗಿಲು ತೆರೆಯುತ್ತದೆ. ತಟ್ಟೆ ಎತ್ತಿಕೊಂಡು ಹೋಗಿ ಎಲ್ಲಿ ಬೇಕಾದರೂ ಕೂರಬಹುದು. ಗೋಡೆಯ ಹಿಂದೆ ಜನ ನಿಂತು ಖಾಲಿಯಾದ ಗೂಡನ್ನು ತುಂಬುತ್ತಿದ್ದರು, ಅವರ ಮುಖ ಗಿರಾಕಿಗೆ ಕಾಣುತ್ತಿರಲಿಲ್ಲ. ಕಾಫಿಗೆ ಬೇರೆಯೇ ನಲ್ಲಿ, ಡಾಲ್ಫಿನ್ ತಲೆಯ ಆಕಾರದ ಬಾಯಿ ಅದಕ್ಕೆ. ನಿಕಲ್ ಹಾಕಿದರೆ ಒಂದು ಕಪ್ ಅಳತೆಗೆ ಸುರಿದು ನಿಲ್ಲುತ್ತಿತ್ತು. 1950ರ ತನಕ ಕಾಫಿ ಬೆಲೆ ಅದೇ ಐದು ಸೆಂಟು. ಚಿಲ್ಲರೆ ಕೊಡಲು ಗಾಜಿನ ಕಟಕಟೆಯೊಳಗೆ ಹೆಣ್ಣುಮಕ್ಕಳು ಕೂತಿರುತ್ತಿದ್ದರು. ಎಣಿಸದೆಯೇ ಸರಿಯಾಗಿ ಇಪ್ಪತ್ತು ನಿಕಲ್ ಎಸೆಯುವಷ್ಟು ಕೈ ಪಳಗಿತ್ತಂತೆ ಅವರಿಗೆ.

ಈ ಏರ್ಪಾಟಿನಲ್ಲಿ ಏನಿಲ್ಲ ಅನ್ನುವುದನ್ನು ಗಮನಿಸಿ. ಏನು ಬೇಕು ಅಂತ ಕೇಳುವ ಮಾಣಿ ಇಲ್ಲ. ಎಷ್ಟು ಜನ ಬಂದಿದ್ದೀರಿ ಅನ್ನುವ ಪ್ರಶ್ನೆ ಇಲ್ಲ. ಟಿಪ್ಸ್ ಇಲ್ಲ. ಒಂದು ಕಪ್ ಕಾಫಿಗೆ ಒಂದು ಗಂಟೆ ಕೂತೆಯಲ್ಲ ಅಂತ ದುರುಗುಟ್ಟಿ ನೋಡುವ ಗಲ್ಲಾಪೆಟ್ಟಿಗೆಯ ಯಜಮಾನನೂ ಕಣ್ಣೆದುರಿಗಿಲ್ಲ. ಮಾತೇ ಇಲ್ಲದೆ ಊಟ ಮುಗಿಸಬಹುದು. ಸಾವಿರಾರು ಜನ ಉಣ್ಣುವ ಜಾಗ, ಯಾರೂ ಯಾರನ್ನೂ ಮಾತಾಡಿಸಬೇಕಾಗಿಲ್ಲ.

ಈ ಹೋಟೆಲುಗಳು ಆಗಲೇ ಯಾಕೆ ಅಷ್ಟು ಹಬ್ಬಿದವು? 1920ರ ಜನಗಣತಿಯಲ್ಲಿ ಅಮೆರಿಕದಲ್ಲಿ ಮೊದಲ ಬಾರಿಗೆ ಹಳ್ಳಿಗಿಂತ ಪಟ್ಟಣದಲ್ಲಿ ಹೆಚ್ಚು ಜನ ಇದ್ದರು. ಹೊಲಮನೆ ಬಿಟ್ಟು ಬಂದವರು, ಒಂದು ಕೋಣೆ ಬಾಡಿಗೆಗೆ ಹಿಡಿದವರು, ಆ ಕೋಣೆಯಲ್ಲಿ ಒಲೆ ಇಲ್ಲದವರು. ಅದೇ ವರ್ಷ ದೇಶಾದ್ಯಂತ ಪಾನನಿಷೇಧ ಜಾರಿಗೆ ಬಂತು, 1933ರವರೆಗೆ ನಡೆಯಿತು. ಸಾರಾಯಿ ಅಂಗಡಿಗಳು ಮುಚ್ಚಿದವು, ಕನಿಷ್ಠ ಕಣ್ಣಿಗೆ ಕಾಣುವಂಥವು. ಸಂಜೆ ಹೊತ್ತು ಕೂರಲು ಜನಕ್ಕೆ ಬೇರೆ ಜಾಗ ಬೇಕಾಯಿತು. ಇದೆಲ್ಲಕ್ಕಿಂತ ಮುಖ್ಯವಾಗಿ ಆಫೀಸುಗಳಲ್ಲಿ ಟೈಪ್ ಮಾಡುವ, ಟೆಲಿಫೋನ್ ಜೋಡಿಸುವ, ಅಂಗಡಿಯಲ್ಲಿ ನಿಲ್ಲುವ ಕೆಲಸಕ್ಕೆ ಹೆಣ್ಣುಮಕ್ಕಳು ಬಂದರು.

ಅದಕ್ಕೆ ಮುಂಚೆ? 1907ರಲ್ಲಿ ನ್ಯೂಯಾರ್ಕಿನ ಒಂದು ಹೆಸರಾಂತ ಹೋಟೆಲಿಗೆ ಹ್ಯಾರಿಯಟ್ ಸ್ಟ್ಯಾಂಟನ್ ಬ್ಲ್ಯಾಚ್ ಎಂಬಾಕೆ ಗೆಳತಿಯೊಬ್ಬರ ಜೊತೆ ಸಂಜೆ ಊಟಕ್ಕೆ ಹೋದರು. ಜೊತೆಯಲ್ಲಿ ಗಂಡಸರಿಲ್ಲ ಅಂತ ಊಟ ಕೊಡದೆ ವಾಪಸು ಕಳಿಸಿದರು. ಆಕೆ ಹೆಣ್ಣುಮಕ್ಕಳ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದವರು, ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಸೋತರು. ದೊಡ್ಡ ಮನೆತನದ ಹೆಂಗಸರಿಗೇ ಈ ಪಾಡು ಇದ್ದ ಮೇಲೆ ಕೆಲಸ ಮುಗಿಸಿ ಹಸಿದು ಬಂದ ಟೈಪಿಸ್ಟ್ ಹುಡುಗಿಯ ಮಾತೇನು?

ಆ ಹಿನ್ನೆಲೆಯಲ್ಲಿಟ್ಟು ಹಾಪರನ ಚಿತ್ರವನ್ನು ಮತ್ತೊಮ್ಮೆ ನೋಡಿ. ರಾತ್ರಿಯಾಗಿದೆ. ಒಬ್ಬಳೇ ಇದ್ದಾಳೆ. ಯಾರೂ ಎಬ್ಬಿಸುತ್ತಿಲ್ಲ.

ಸಾಮಾನ್ಯವಾಗಿ ಈ ಚಿತ್ರವನ್ನು ದುಃಖದ ಚಿತ್ರ ಅಂತಲೇ ಹೇಳುತ್ತಾರೆ. 1995ರಲ್ಲಿ ಟೈಮ್ ಪತ್ರಿಕೆ ಆಧುನಿಕ ಬದುಕಿನ ಮನೋವ್ಯಥೆಯ ಬಗ್ಗೆ ಮುಖಪುಟ ಲೇಖನ ಮಾಡಿದಾಗ ಇದೇ ಚಿತ್ರ ಹಾಕಿತು. ಯಾರಿಗೋ ಕಾಯುತ್ತಿದ್ದಾಳೆ, ಅವನು ಬರಲಿಲ್ಲ ಅಂತ ಕಥೆ ಕಟ್ಟುವವರಿದ್ದಾರೆ. ಇರಬಹುದು. ಆದರೆ ನಮಗೆ ಹಾಗನ್ನಿಸುವುದಿಲ್ಲ. ಇಡೀ ದಿನದಲ್ಲಿ ಆಕೆಗೆ ಸಿಕ್ಕ ಅರ್ಧ ಗಂಟೆ ಇದೇ ಆಗಿರಬಹುದಲ್ಲ? ಆಫೀಸಿನಲ್ಲಿ ಸಾಹೇಬರು, ಬಾಡಿಗೆ ಕೋಣೆಯಲ್ಲಿ ಮನೆ ಯಜಮಾನಿ, ನಡುವೆ ಐದು ಸೆಂಟಿಗೆ ಸಿಕ್ಕ ಒಂದು ಮೇಜು.

ನಮ್ಮ ತಾಲ್ಲೂಕು ಕೇಂದ್ರದ ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಒಬ್ಬಳೇ ಹೆಣ್ಣುಮಗಳು ಕೂತು ಟೀ ಕುಡಿಯುತ್ತಾ ಅರ್ಧ ಗಂಟೆ ಸುಮ್ಮನೆ ಹೊರಗೆ ನೋಡಿದ್ದನ್ನು ನೀವು ಕಂಡಿದ್ದೀರಾ? ನಾವು ದಿನಾ ಅಲ್ಲಿ ಕೂರುತ್ತೇವೆ, ಸುದ್ದಿ ಬರೆಯುತ್ತೇವೆ, ಒಂದು ಟೀಗೆ ಒಂದೂವರೆ ಗಂಟೆ ಕೂತ ದಿನಗಳಿವೆ, ಯಾರೂ ಕೇಳಿಲ್ಲ. ನಮ್ಮ ಜೊತೆಗೇ ಓದಿದ ಗೆಳತಿಯರಿಗೆ ಫ್ಯಾಮಿಲಿ ರೂಮಿನ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಕೂತರೂ ಬೇಗ ಕುಡಿದು ಎದ್ದು ಬರುತ್ತಾರೆ. ಈ ಚಿತ್ರವನ್ನು ಅವರಲ್ಲೊಬ್ಬರಿಗೆ ಕಳಿಸಿದಾಗ ಬಂದ ಉತ್ತರ ಒಂದೇ ಸಾಲು: "ಪಾಪ ಅಂತ ಯಾಕ್ರೀ ಅಂತೀರಿ, ಎಷ್ಟು ಆರಾಮಾಗಿ ಕೂತಾಳೆ!" ಆ ಸಾಲು ಬಂದ ಮೇಲೆಯೇ ಈ ಬರಹಕ್ಕೆ ಕೈ ಹಾಕಿದ್ದು.

ಹಾಪರನ ಮಟ್ಟಿಗೂ ಒಂಟಿತನದ ಮಾತು ಸ್ವಲ್ಪ ಕಿರಿಕಿರಿಯೇ. ಎಲ್ಲರೂ ಅದನ್ನೇ ಎಳೆದೆಳೆದು ಹೇಳುತ್ತಾರೆ, ಅತಿಯಾಯಿತು ಎನ್ನುವ ಅರ್ಥದ ಮಾತನ್ನು ಆತ ಆಡಿದ್ದುಂಟು. ಆದರೆ ಇನ್ನೊಂದು ಪ್ರಸಿದ್ಧ ಚಿತ್ರದ ಬಗ್ಗೆ ಕೇಳಿದಾಗ, ತನಗೇ ಗೊತ್ತಿಲ್ಲದಂತೆ ದೊಡ್ಡ ನಗರದ ಒಂಟಿತನವನ್ನು ಬರೆಯುತ್ತಿದ್ದೆನೇನೋ ಅಂತಲೂ ಒಪ್ಪಿಕೊಂಡ.

ಆ ಇನ್ನೊಂದು ಚಿತ್ರ 'ನೈಟ್‌ಹಾಕ್ಸ್'. ರಾತ್ರಿ ತಿರುಗುವವರು, ನಿದ್ದೆಗೆಟ್ಟವರು ಅಂತ ಅರ್ಥ ಮಾಡಿಕೊಳ್ಳಬಹುದು. ಲಾಕ್‌ಡೌನಿನಲ್ಲಿ ಎಲ್ಲೆಡೆ ಓಡಾಡಿದ ಹೋಟೆಲಿನ ಚಿತ್ರ ಅದೇ. 1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿ ಅಮೆರಿಕ ಯುದ್ಧಕ್ಕಿಳಿಯಿತು. ಮುಂದಿನ ಸರದಿ ನ್ಯೂಯಾರ್ಕಿನದು ಎಂಬ ಭಯ ಊರಿಗೆಲ್ಲ ಹಬ್ಬಿತು. ವೈಮಾನಿಕ ದಾಳಿಯ ತಾಲೀಮು ನಡೆಯುತ್ತಿತ್ತು, ದೀಪ ಆರಿಸಬೇಕು ಅನ್ನುತ್ತಿದ್ದರು. ಹಾಪರನ ಹೆಂಡತಿ ಜೋ, ಓಡಬೇಕಾಗಿ ಬಂದರೆ ಅಂತ ಟವೆಲು, ಸೋಪು, ಬೀಗದ ಕೈ, ಚೆಕ್ ಪುಸ್ತಕ ಎಲ್ಲ ಒಂದು ಚೀಲಕ್ಕೆ ತುಂಬಿಟ್ಟುಕೊಂಡಿದ್ದರು. ಅವರ ಮನೆಯ ಮಾಳಿಗೆಗೆ ಗಾಜಿನ ಬೆಳಕಿಂಡಿ ಬೇರೆ. ಗಂಡ ಮಾತ್ರ ತಲೆ ಕೆಡಿಸಿಕೊಳ್ಳದೆ ಚಿತ್ರ ಬರೆಯುತ್ತಾ ಕೂತಿದ್ದಾನೆ ಅಂತ ನಾದಿನಿಗೆ ಕಾಗದ ಬರೆದರು. ಆಗ ಆತ ಬರೆಯುತ್ತಿದ್ದದ್ದು ಇದನ್ನೇ. ದೀಪ ಆರಿಸಿ ಎನ್ನುವ ಊರಿನಲ್ಲಿ, ಇಡೀ ಬೀದಿಗೆ ಬೆಳಕು ಚೆಲ್ಲುವ ಒಂದು ಹೋಟೆಲು!

1942ರ ಜನವರಿಯಲ್ಲಿ ಚಿತ್ರ ಮುಗಿಯಿತು. ಅದೇ ಮೇ ತಿಂಗಳಲ್ಲಿ ಷಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ 3,000 ಡಾಲರ್ ಕೊಟ್ಟು ಕೊಂಡಿತು. ಇವತ್ತಿಗೂ ಅಲ್ಲೇ ಇದೆ. ಫೋನಿನಲ್ಲಿ ನೋಡುವಾಗ ಒಂದು ಕೆಲಸ ಮಾಡಿ: ಆ ಹೋಟೆಲಿನ ಒಳಗೆ ಹೋಗುವ ಬಾಗಿಲು ಎಲ್ಲಿದೆ ಹುಡುಕಿ. ಸಿಗುವುದಿಲ್ಲ. ಹಿಂದೆ ಅಡುಗೆಮನೆಯ ಕಡೆಗೊಂದು ಬಾಗಿಲಿದೆ ಅಷ್ಟೇ. ಬೀದಿಯಲ್ಲಿ ನಿಂತ ನಮಗೆ ಗಾಜಿನೊಳಗೆ ಎಲ್ಲ ಕಾಣುತ್ತದೆ, ಹೋಗಲು ದಾರಿ ಇಲ್ಲ. ಜೋಡಿಯ ಹಾಗೆ ಕೂತ ಗಂಡು ಹೆಣ್ಣಿನ ಕೈಗಳು ಹತ್ತಿರ ಬಂದಿವೆ, ತಾಗಿವೆಯೋ ಇಲ್ಲವೋ ಹೇಳುವಂತಿಲ್ಲ. ನಮಗೆ ಬೆನ್ನು ಹಾಕಿದ ಇನ್ನೊಬ್ಬ ಬೇರೆಯೇ ಕೂತಿದ್ದಾನೆ.

ನಮಗೆ ಇದಕ್ಕಿಂತ ಇಷ್ಟವಾದದ್ದು 1939ರ 'ನ್ಯೂಯಾರ್ಕ್ ಮೂವಿ'. ಟಾಕೀಸಿನ ಒಳಗೆ ಸಿನಿಮಾ ನಡೆಯುತ್ತಿದೆ. ಎಡಗಡೆ ಕತ್ತಲಲ್ಲಿ ಪ್ರೇಕ್ಷಕರು, ಪರದೆಯ ಒಂದು ತುಣುಕು. ಬಲಗಡೆ ಗೋಡೆಯ ದೀಪದ ಕೆಳಗೆ ಟಾರ್ಚು ಹಿಡಿದು ಸೀಟು ತೋರಿಸುವ ಕೆಲಸದ ಹುಡುಗಿ, ಗೋಡೆಗೊರಗಿ ಗಲ್ಲಕ್ಕೆ ಕೈ ಹಚ್ಚಿ ಏನೋ ಯೋಚಿಸುತ್ತಿದ್ದಾಳೆ. ಅದೇ ಸಿನಿಮಾ ಅವಳು ಎಷ್ಟು ಸಲ ನೋಡಿದ್ದಾಳೋ! ಜನರೆಲ್ಲ ದುಡ್ಡು ಕೊಟ್ಟು ಬಂದ ಕನಸು ಅವಳಿಗೆ ಸಂಬಳದ ಕೆಲಸ. ಈ ಒಂದು ಚಿತ್ರಕ್ಕೆ ಹಾಪರ್ ಬೇರೆ ಬೇರೆ ಟಾಕೀಸುಗಳಲ್ಲಿ ಕೂತು 50ಕ್ಕೂ ಹೆಚ್ಚು ಕಚ್ಚಾ ಚಿತ್ರ ಮಾಡಿಕೊಂಡಿದ್ದ. ಮನೆಯ ಮುಂದಿನ ನಡುದಾರಿಯಲ್ಲಿ ದೀಪದ ಕೆಳಗೆ ಹೆಂಡತಿಯನ್ನು ನಿಲ್ಲಿಸಿ ಆ ಹುಡುಗಿಯ ಭಂಗಿ ಬರೆದ.

ಹೌದು, ಹೆಂಡತಿಯನ್ನೇ. ಆಟೊಮ್ಯಾಟಿನ ಹೆಂಗಸಿಗೂ ಮಾದರಿಯಾಗಿ ಕೂತವರು ಜೋ. ಆಗ ಅವರಿಗೆ 43 ವರ್ಷ, ಗಂಡ ಚಿತ್ರದಲ್ಲಿ ವಯಸ್ಸು ಇಳಿಸಿದ. ನೈಟ್‌ಹಾಕ್ಸಿನ ಕೆಂಪು ಉಡುಪಿನ ಹೆಣ್ಣು ಜೋ. ರೈಲಿನಲ್ಲಿ, ಲಾಡ್ಜಿನಲ್ಲಿ, ಕಿಟಕಿಯಲ್ಲಿ ಒಬ್ಬಳೇ ಕೂತ ಹೆಂಗಸರಲ್ಲಿ ಬಹುತೇಕರು ಜೋ. ಈ ಬರಹದ ಅರ್ಧಕ್ಕಿಂತ ಹೆಚ್ಚು ಗಂಡನ ಬಗ್ಗೆಯೇ ಆಯಿತು. ಜೋ ಬಗ್ಗೆ ಬರೆದ ಎಲ್ಲ ಕಡೆಯೂ ಹೀಗೇ ಆಗುತ್ತದೆ.

ಜೋಸೆಫೀನ್ ನಿವಿಸನ್ ಅವರ ಪೂರ್ತಿ ಹೆಸರು. 1883ರಲ್ಲಿ ಹುಟ್ಟಿದವರು. ನ್ಯೂಯಾರ್ಕಿನ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರಾಗಿ ದುಡಿದರು, ನಾಟಕದಲ್ಲಿ ಪಾತ್ರ ಮಾಡಿದರು, ಎಲ್ಲಕ್ಕಿಂತ ಮೊದಲು ಅವರೂ ಚಿತ್ರಕಾರರು. ಇಬ್ಬರೂ ರಾಬರ್ಟ್ ಹೆನ್ರಿ ಎಂಬ ಒಬ್ಬನೇ ಗುರುವಿನ ಹತ್ತಿರ ಕಲಿತವರು. 1923ರಲ್ಲಿ ಬ್ರೂಕ್ಲಿನ್ ಮ್ಯೂಸಿಯಂ ಜಲವರ್ಣ ಚಿತ್ರಗಳ ಪ್ರದರ್ಶನಕ್ಕೆ ಕರೆದದ್ದು ಜೋ ಅವರನ್ನು. ಹಾಪರನನ್ನಲ್ಲ. ಹಾಪರನವೂ ಚೆನ್ನಾಗಿವೆ ನೋಡಿ ಅಂತ ಅಲ್ಲಿಯವರಿಗೆ ಹೇಳಿದವರು ಜೋ. ಅವರು ನೋಡಿದರು, ಆರು ಚಿತ್ರ ಆರಿಸಿದರು, ಒಂದನ್ನು 100 ಡಾಲರಿಗೆ ಕೊಂಡುಕೊಂಡರು. ಹತ್ತು ವರ್ಷದ ಬರಗಾಲ ಮುಗಿದದ್ದು ಹೀಗೆ. ಪತ್ರಿಕೆಗಳು ಹಾಪರನನ್ನು ಹೊಗಳಿದವು. ಜೋ ಚಿತ್ರಗಳನ್ನು ಗಮನಿಸಿದವರು ಕಡಿಮೆ. ಮರುವರ್ಷ ಇಬ್ಬರೂ ಮದುವೆಯಾದರು.

ಆಮೇಲಿನ ನಲವತ್ಮೂರು ವರ್ಷ ವಾಷಿಂಗ್ಟನ್ ಸ್ಕ್ವೇರಿನ ಹಳೆಯ ಕಟ್ಟಡದ ಮೇಲಂತಸ್ತಿನಲ್ಲಿ. ಹತ್ತಲು 74 ಮೆಟ್ಟಿಲು. ಒಲೆಗೆ ಕಲ್ಲಿದ್ದಲು ಕೆಳಗಿನಿಂದ ಹೊತ್ತು ತರಬೇಕು. ಬಚ್ಚಲು ಮನೆಯೊಳಗಿಲ್ಲ, ನಡುದಾರಿಯ ಕೊನೆಗೆ. ಹೆಸರು ಬಂದ ಮೇಲೂ, ದುಡ್ಡು ಬಂದ ಮೇಲೂ ಆ ಜಾಗ ಬಿಡಲಿಲ್ಲ. ಆರಡಿ ಮೀರಿದ ಎತ್ತರದ, ಮಾತೇ ಆಡದ ಗಂಡ. ಐದಡಿಯ, ಮಾತಿಲ್ಲದೆ ಇರಲಾರದ ಹೆಂಡತಿ. ಅವನೊಡನೆ ಮಾತಾಡುವುದೆಂದರೆ ಬಾವಿಗೆ ಕಲ್ಲು ಹಾಕಿದಂತೆ, ಆದರೆ ಕಲ್ಲು ತಳ ಮುಟ್ಟಿದ ಸದ್ದೂ ಕೇಳುವುದಿಲ್ಲ ಅಂತ ಜೋ ಹೇಳುತ್ತಿದ್ದರಂತೆ. ಜಗಳಗಳಿದ್ದವು. ಕಾರು ಕೊಂಡರು, ಹೆಂಡತಿಯ ಕೈಗೆ ಸ್ಟಿಯರಿಂಗ್ ಕೊಡಲು ಗಂಡ ತಯಾರಿರಲಿಲ್ಲ. ಅವರ ಚಿತ್ರಗಳ ಬಗ್ಗೆ ಆತನಿಗೆ ಒಳ್ಳೆಯ ಮಾತು ಬರುತ್ತಿರಲಿಲ್ಲ. ಇದನ್ನೆಲ್ಲ ಜೋ ದಿನಚರಿಯಲ್ಲಿ ಬರೆದಿಟ್ಟರು.

ಅದರ ಜೊತೆಗೇ ಗಂಡನ ಲೆಕ್ಕದ ಪುಸ್ತಕವನ್ನೂ ಬರೆದರು. ಮುಗಿದ ಪ್ರತಿ ಚಿತ್ರಕ್ಕೂ ಒಂದು ನಮೂದು: ಏನಿದೆ, ಯಾವ ಬಣ್ಣ, ಯಾರಿಗೆ ಹೋಯಿತು, ಎಷ್ಟಕ್ಕೆ. ಪಕ್ಕದಲ್ಲಿ ಗಂಡ ಬರೆದ ಪುಟ್ಟ ರೇಖಾಚಿತ್ರ. ನೈಟ್‌ಹಾಕ್ಸಿನ ನಮೂದಿನಲ್ಲಿ ಹುಡುಗಿಯ ಕುಪ್ಪಸದ ಬಣ್ಣದಿಂದ ಹಿಡಿದು ಅಂಗಡಿ ಮೇಲಿನ ಸಿಗಾರ್ ಜಾಹೀರಾತಿನ ಬೆಲೆಯವರೆಗೂ ಇದೆ. ಇವತ್ತು ಹಾಪರ್ ಬಗ್ಗೆ ಯಾರು ಏನು ಬರೆದರೂ ಆ ಪುಸ್ತಕಗಳ ಮೇಲೆ ನಿಂತೇ ಬರೆಯಬೇಕು. ನಾವೂ ಅಷ್ಟೇ.

1933ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂ ಹಾಪರನ ಅದುವರೆಗಿನ ಕೆಲಸದ ದೊಡ್ಡ ಪ್ರದರ್ಶನ ಮಾಡಿತು. ಅಲ್ಲಿಂದ ಮುಂದೆ ಆತ ಹಿಂದಿರುಗಿ ನೋಡಲಿಲ್ಲ. 2018ರಲ್ಲಿ ಆತನ 'ಚಾಪ್ ಸೂಯಿ', ಅದೂ ಒಂದು ಹೋಟೆಲಿನ ಚಿತ್ರವೇ, 9 ಕೋಟಿ 19 ಲಕ್ಷ ಡಾಲರಿಗೆ ಹರಾಜಾಯಿತು. ಅದರಲ್ಲೂ ಮೇಜಿನ ಮುಂದೆ ಕೂತಿರುವುದು ಜೋ ಮೈಕಟ್ಟೇ.

1966ರಲ್ಲಿ ಬರೆದದ್ದು ಕೊನೆಯ ಚಿತ್ರ. ಕತ್ತಲು ರಂಗದ ಅಂಚಿಗೆ ಬಂದು ಇಬ್ಬರು ಬಿಳಿ ವೇಷದ ಕಲಾವಿದರು, ಒಂದು ಗಂಡು ಒಂದು ಹೆಣ್ಣು, ಕೈಹಿಡಿದು ನಮಗೆ ನಮಸ್ಕರಿಸುತ್ತಿದ್ದಾರೆ. ಅದು ತಾವಿಬ್ಬರೇ ಅಂತ ಜೋ ಹೇಳಿದರು. ಆತ ಬರೆದ ಅಷ್ಟೂ ಚಿತ್ರಗಳಲ್ಲಿ ಇಬ್ಬರು ಹೀಗೆ ಕೈಹಿಡಿದು ನಿಂತದ್ದು ಬೇರೆ ಎಲ್ಲೂ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಹಾಪರ್ ಆ ಮೇಲಂತಸ್ತಿನ ಮನೆಯಲ್ಲೇ ತೀರಿಕೊಂಡ. ಹತ್ತು ತಿಂಗಳಿಗೆ ಜೋ ಕೂಡ ಹೋದರು. ಮನೆಯಲ್ಲಿದ್ದ ಎಲ್ಲ ಚಿತ್ರಗಳನ್ನೂ, ಗಂಡನ 3,000ಕ್ಕೂ ಹೆಚ್ಚು ಕೃತಿಗಳನ್ನೂ ಜೊತೆಗೆ ತಮ್ಮವನ್ನೂ, ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂಗೆ ಬರೆದುಕೊಟ್ಟಿದ್ದರು. ಹಾಪರನ ಚಿತ್ರಗಳು ಅಲ್ಲಿ ಭದ್ರವಾಗಿವೆ, 2022ರಲ್ಲಿ ಅಲ್ಲೇ ಆತನ ನ್ಯೂಯಾರ್ಕ್ ಕುರಿತ ದೊಡ್ಡ ಪ್ರದರ್ಶನ ನಡೆಯಿತು. ಜೋ ಚಿತ್ರಗಳಿಗೆ ಆ ಭಾಗ್ಯ ಸಿಗಲಿಲ್ಲ. ಹಲವು ಅಲ್ಲಿ ಇಲ್ಲಿ ಹಂಚಿಹೋದವು, ಎಷ್ಟೋ ಚಿತ್ರಗಳ ಸುಳಿವೇ ಇಲ್ಲ. ಕಲಾ ಇತಿಹಾಸಕಾರ್ತಿ ಗೇಲ್ ಲೆವಿನ್ ಆ ದಿನಚರಿಗಳನ್ನು ಓದಿ ಬರೆದ ಮೇಲೆ, ಅಷ್ಟು ಚಿತ್ರಗಳಲ್ಲಿ ಕೂತ ಆ ಹೆಂಗಸು ಕುಂಚವನ್ನೂ ಹಿಡಿದಿದ್ದಳು ಅನ್ನುವುದು ಹೊರಗಿನವರಿಗೆ ಗೊತ್ತಾಗತೊಡಗಿತು.

ನ್ಯೂಯಾರ್ಕಿನ ಕೊನೆಯ ಆಟೊಮ್ಯಾಟ್ 1991ರಲ್ಲಿ ಬಾಗಿಲು ಹಾಕಿತು. ಹಸಿರು ಕೋಟಿನ ಹೆಂಗಸು ಈಗ ಐಯೋವಾ ರಾಜ್ಯದ ಡೆ ಮೊಯ್ನ್ ಎಂಬ ಊರಿನ ಕಲಾ ಕೇಂದ್ರದಲ್ಲಿದ್ದಾಳೆ. ಸುತ್ತ ಜೋಳದ ಹೊಲಗಳಿರುವ ಸೀಮೆ ಅದು.